ಹದಿನಾರನೇ ಸಾಲು ಹಸಿರು

ಗೌತಮಿಯ ಕಾಲಿನಿಂದ ಗೆಜ್ಜೆ ಮೂರನೇ ಸಲ ಜಾರಿ ಬಿದ್ದಾಗ ಸಂಘಮಿತ್ರ ಅದನ್ನು ಮತ್ತೆ ತೊಡಿಸಲಿಲ್ಲ. ಎತ್ತಿ ಅತ್ತೆಯ ತಟ್ಟೆಯ ಪಕ್ಕದಲ್ಲಿಟ್ಟಳು.

"ನೋಡಿ ಅತ್ತೆ. ದೀಪಾವಳೀಲಿ ಬಿಗಿ ಆಯ್ತದೆ ಅಂತ ಕೊಂಡಿ ಸಡಿಲ ಮಾಡ್ಸಿದ್ವಿ. ಈಗ ಹಿಮ್ಮಡಿ ದಾಟಿ ಬೀಳ್ತೈತೆ. ಮಗು ಇಳೀತಾವ್ಳೆ."

"ಓಡಾಡೋ ಮಗ ಕಣವ್ವ, ಒಸಿ ಇಳೀತದೆ. ದಪ್ಪ ಇದ್ರೇನು ಕುಸ್ತಿಗೆ ಬುಡ್ಬೇಕಾ?" ಚಾಮುಂಡಮ್ಮ ಮುದ್ದೆ ಮುರಿದಳು.

"ತೂಕ ಎಷ್ಟೈತೆ?"

"ಚೆನ್ನಾಗೈತೆ."

"ಚೆನ್ನಾಗೈತೆ ಅನ್ನೋದು ತೂಕ ಅಲ್ಲ ಅತ್ತೆ."

"ಉಣ್ಣು ಸುಮ್ನೆ. ಸಾರು ಆರೋಯ್ತದೆ."

ಗೌತಮಿಗೆ ಎರಡು ವರ್ಷ ತುಂಬಿ ಒಂದು ತಿಂಗಳಾಗಿತ್ತು. ಅಮ್ಮ ಬಾಯಿಗಿಟ್ಟ ತುತ್ತನ್ನು ನಾಲಿಗೆಯಿಂದ ಹೊರಗೆ ತಳ್ಳಿ, ತಾತನ ಮೊಣಕಾಲಿಗೆ ತಲೆ ಆನಿಸಿದಳು. ಆ ವಯಸ್ಸಿನ ಮಕ್ಕಳು ತಟ್ಟೆ ಚೆಲ್ಲುತ್ತವೆ, ರಚ್ಚೆ ಹಿಡಿಯುತ್ತವೆ. ಇವಳಿಗೆ ಅದಕ್ಕೂ ಶಕ್ತಿ ಇರಲಿಲ್ಲ.

ಕಗ್ಗಲಿಕೊಪ್ಪಲು ರಾವಂದೂರಿನಿಂದ ನಾಲ್ಕು ಕಿಲೋಮೀಟರ್. ಚಾಮುಂಡಮ್ಮ ಅಲ್ಲಿ ಇಪ್ಪತ್ತೆರಡು ವರ್ಷದಿಂದ ಅಂಗನವಾಡಿ ಟೀಚರು. ಗಂಡ ಅಂಕಯ್ಯ ಹುಣಸೂರಿನಲ್ಲಿ ಹೊಗೆಸೊಪ್ಪಿನ ಬೇಲು ಹೊತ್ತು ಹೊತ್ತು ಬೆನ್ನು ಕೆಡಿಸಿಕೊಂಡು ಮನೆ ಸೇರಿದವನು. ಈಗ ಎರಡು ಆಡು ಮೇಯಿಸುತ್ತಿದ್ದ. ಮಗ ಚೇತನ್‌ಕುಮಾರ್ ಪಿರಿಯಾಪಟ್ಟಣದ ಒಂದು ಆನ್‌ಲೈನ್ ಸೆಂಟರಿನಲ್ಲಿ ಜನರ ಅರ್ಜಿ ತುಂಬುತ್ತಿದ್ದ. ಸೊಸೆ ಸಂಘಮಿತ್ರ ಬಿ.ಎ. ಮುಗಿಸಿದವಳು, ಸೊಪ್ಪು ಗ್ರೇಡ್ ಮಾಡುವ ಶೆಡ್ಡಿನಲ್ಲಿ ಕೂಲಿ. ಬೆಳಗ್ಗೆ ಏಳಕ್ಕೆ ಹೋದರೆ ಸಂಜೆ ಆರಕ್ಕೆ ವಾಪಸು, ಬೆರಳ ತುಂಬ ಸೊಪ್ಪಿನ ಅಂಟು. ಎಷ್ಟು ತೊಳೆದರೂ ಹೋಗದ ಆ ಕಹಿಗೇ ಮಗು ವರ್ಷ ತುಂಬುವ ಮೊದಲು ಎದೆಹಾಲು ಬಿಟ್ಟಿತ್ತು. ಹಗಲೆಲ್ಲ ಗೌತಮಿ ಅಜ್ಜಿಯ ಜೊತೆ ಅಂಗನವಾಡಿಯಲ್ಲಿರುತ್ತಿದ್ದಳು.

ಊಟವಾದ ಮೇಲೆ ಆ ಮನೆಯಲ್ಲಿ ಆಫೀಸು ಶುರುವಾಗುತ್ತಿತ್ತು.

ಸೆಂಟರಿನವರು ಮೂಲೆಗೆ ಎಸೆದಿದ್ದ ಲ್ಯಾಪ್‌ಟಾಪನ್ನು ಚೇತನ್ ಮನೆಗೆ ತಂದಿದ್ದ. ಅದರ ಹಾರ್ಡ್ ಡಿಸ್ಕ್ ಸತ್ತಿತ್ತು. ಪೆನ್‌ಡ್ರೈವ್ ಚುಚ್ಚಿ ಆನ್ ಮಾಡಿದರೆ ಬ್ರೌಸರ್ ಒಂದೇ ತೆರೆಯುತ್ತಿತ್ತು. ಆ ಬ್ರೌಸರಿನೊಳಗೆ ಇಡೀ ಕಂಪ್ಯೂಟರು. ಅಂಕಯ್ಯನ ಪಿಂಚಣಿ ಕಾಗದ, ಸಂಘಮಿತ್ರಳ ಪರೀಕ್ಷೆಯ ನೋಟ್ಸು, ರೇಷನ್ ಕಾರ್ಡಿನ ಫೋಟೊ, ಎಲ್ಲವೂ ಅಲ್ಲೇ. ಎಲ್ಲಕ್ಕೂ ಒಂದೇ ಲಾಗಿನ್, ಸಂಘಮಿತ್ರಳ ಮೇಲ್ ಐಡಿ. ಚೇತನನದು ಗಿರಾಕಿಗಳ ಫೈಲಿನಿಂದ ತುಂಬಿಹೋಗಿತ್ತು, ಉಳಿದಿಬ್ಬರಿಗೆ ಮೇಲ್ ಐಡಿಯೇ ಇರಲಿಲ್ಲ.

"ಒಳಗೆ ಏನೂ ಇಲ್ಲ ಕಣಪ್ಪ, ಎಲ್ಲಾ ಮೇಲೈತೆ," ಎಂದು ಚೇತನ್ ಮೊದಲ ದಿನ ಅಪ್ಪನಿಗೆ ವಿವರಿಸಿದ್ದ.

"ಮೇಲೆ ಅಂದ್ರೆ ಎಲ್ಲಿ? ಅಟ್ಟದ ಮೇಲಾ?"

"ನೆಟ್ಟಲ್ಲಿ."

"ಅಂಗಾರೆ ಮಗ ಟ್ರಂಕ್ ಇಲ್ದೆ ಬರೀ ಬೀಗ ತಂದವ್ನೆ ಕಣಮ್ಮಿ," ಎಂದು ಅಂಕಯ್ಯ ಹೆಂಡತಿಗೆ ಹೇಳಿದ್ದ.

ಅಂಗನವಾಡಿಯ ಶೀಟುಗಳೂ ಅದರಲ್ಲೇ. ಸೂಪರ್‌ವೈಸರ್ ಮೇಡಂ ತಮ್ಮ ಕೈಕೆಳಗಿನ ಕೇಂದ್ರಗಳಿಗೆಲ್ಲ ಒಂದೊಂದು ಲಿಂಕು ಕಳಿಸಿದ್ದರು. ಹಾಜರಿಗೊಂದು ಶೀಟು, ಅಡುಗೆಗೊಂದು, ತೂಕಕ್ಕೊಂದು. ತೂಕದ ಶೀಟಿನಲ್ಲಿ ಮಕ್ಕಳ ಹೆಸರಿಲ್ಲ. ಮನೆಗಳ ಗುಟ್ಟು ಹೊರಬೀಳಬಾರದಂತೆ, ಬರೀ ನಂಬರು. ತೂಕ ಒತ್ತಿದ ಕೂಡಲೇ ಸಾಲಿಗೆ ಬಣ್ಣ ಬರುತ್ತಿತ್ತು. ವಯಸ್ಸಿಗೆ ಸರಿಯಾಗಿದ್ದರೆ ಹಸಿರು, ಕಡಿಮೆಯಾದರೆ ಹಳದಿ, ತೀರಾ ಕಡಿಮೆಯಾದರೆ ಕೆಂಪು. ಕೆಂಪಾದ ಮಗುವಿಗೆ ದಿನಾ ಮೊಟ್ಟೆ, ಹಾಲು; ಪಟ್ಟಣದ ದೊಡ್ಡಾಸ್ಪತ್ರೆಯ ಪೌಷ್ಟಿಕ ವಾರ್ಡಿನಲ್ಲಿ ಹದಿನಾಲ್ಕು ದಿನ ಹಾಸಿಗೆ. ಕೆಂಪಾದ ಕೇಂದ್ರದ ಟೀಚರಿಗೆ ಮೇಡಂನ ಫೋನು.

ಚಾಮುಂಡಮ್ಮನಿಗೆ ಟೈಪು ಬಾರದು. ಗೌತಮಿಯನ್ನು ತೊಡೆಯ ಮೇಲೆ ಹಾಕಿಕೊಂಡು ಪುಸ್ತಕ ನೋಡಿ ಅವಳು ಹೇಳುತ್ತಿದ್ದಳು, ಸೊಸೆ ಒತ್ತುತ್ತಿದ್ದಳು.

"ಹದಿನಾಲ್ಕು?"

"ಹನ್ನೊಂದು ಇನ್ನೂರು."

ಹಸಿರು.

"ಹದಿನೈದು?"

"ಹತ್ತು ಆರ್ನೂರು."

ಹಸಿರು.

"ಹದಿನಾರು? ಅತ್ತೆ, ಹದಿನಾರು?"

ಚಾಮುಂಡಮ್ಮ ತೊಡೆಯ ಮೇಲಿದ್ದ ಮಗುವನ್ನು ಸರಿಸಿಕೊಂಡಳು. "ಒಂಬತ್ತು ನಾನೂರು."

ಹಸಿರು.

"ಮುಗೀತಲ್ಲ, ಎರಡೇ ನಿಮಿಷದ ಕೆಲ್ಸ," ಎಂದ ಚೇತನ್, ಮೊಬೈಲಿನಿಂದ ಕಣ್ಣೆತ್ತದೆ.

"ಎರಡು ನಿಮಿಷದ ಕೆಲ್ಸ ಆದ್ರೆ ನೀವೇ ಮಾಡಿ. ಬೆಳಗ್ಗಿಂದ ಸೊಪ್ಪು ಆರಿಸಿ ಬಂದೋಳು ನಾನು. ಸಂಬಳ ಅತ್ತೇದು, ಶಭಾಷ್ ಮೇಡಂದು, ಬೆರಳು ನಂದು."

ಶಭಾಷ್ ಮಾರನೇ ದಿನವೇ ಬಂತು. ಟೀಚರುಗಳ ಗ್ರೂಪಿಗೆ ಮೇಡಂ ಧ್ವನಿ ಸಂದೇಶ ಹಾಕಿದ್ದರು: "ಕಗ್ಗಲಿಕೊಪ್ಪಲು ಎಲ್ಲಾ ಹಸಿರು. ಉಳಿದವರು ನೋಡಿ ಕಲೀರಿ." ಚಾಮುಂಡಮ್ಮ ಅದನ್ನು ಎರಡು ಸಲ ಹಾಕಿ ಕೇಳಿಸಿಕೊಂಡಳು.

ಹತ್ತು ದಿನಕ್ಕೆ ಗೌತಮಿಗೆ ಭೇದಿ ಹತ್ತಿತು. ಮೂರನೇ ದಿನ ಕಣ್ಣು ಗುಳಿಬಿದ್ದು, ಪಾದ ಊದಿಕೊಂಡಿತು. ಸಂಘಮಿತ್ರ ಕೂಲಿ ಬಿಟ್ಟು, ಚೇತನ್ ರಜೆ ಹಾಕಿ, ಇಬ್ಬರೂ ಮಗುವನ್ನು ದೊಡ್ಡಾಸ್ಪತ್ರೆಗೆ ಒಯ್ದರು. ಡಾಕ್ಟರು ಹುಡುಗಿ, ಸಂಘಮಿತ್ರಳಿಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ಮಗುವನ್ನು ತೂಕಕ್ಕೆ ಹಾಕಿ ಮುಳ್ಳು ನೋಡಿ, ಇಳಿಸಿ, ಮತ್ತೆ ಹಾಕಿದಳು.

"ಏಳೂಮುಕ್ಕಾಲು ಕೇಜಿ. ಎರಡು ವರ್ಷದ ಮಗು ಅಂದ್ರಾ?"

"ಹೂಂ ಮೇಡಂ."

"ಇಷ್ಟು ದಿನ ಏನ್ ಮಾಡ್ತಿದ್ರಿ? ಇವತ್ತೇ ಅಡ್ಮಿಟ್ ಆಗ್ಬೇಕು. ಮಹಡಿ ಮೇಲೆ ಪೌಷ್ಟಿಕ ವಾರ್ಡಿದೆ. ಅಲ್ಲಿ ಪಟ್ಟಿ ಪ್ರಕಾರ ಹಾಸಿಗೆ ಕೊಡ್ತಾರೆ. ನಿಮ್ಮ ಅಂಗನವಾಡಿ ಪಟ್ಟೀಲಿ ಕೆಂಪಲ್ಲಿ ಇರ್ತಾಳೆ, ಹೇಳಿ."

ಮಹಡಿಯ ಮೇಲಿನ ಗುಮಾಸ್ತ ಆಧಾರ್ ನಂಬರು ಹಾಕಿ ಪರದೆ ನೋಡಿದ.

"ಕಗ್ಗಲಿಕೊಪ್ಪಲು. ಹದಿನಾರನೇ ಸಾಲು. ಒಂಬತ್ತು ನಾನೂರು. ಹಸಿರಿದೆಯಲ್ಲಪ್ಪ."

"ಕೆಳಗೆ ಈಗ ತೂಕ ಮಾಡಿದ್ರು ಸಾರ್, ಚೀಟಿ ನೋಡಿ," ಎಂದ ಚೇತನ್.

"ಚೀಟಿ ನೋಡಿ ಹಾಸಿಗೆ ಕೊಟ್ರೆ ಪಟ್ಟೀಲಿರೋರು ನನ್ನ ಕಾಲರ್ ಹಿಡೀತಾರೆ. ಕೆಂಪು ಮಾಡಿಸ್ಕೊಂಡು ಬನ್ನಿ. ಇಲ್ಲಿಂದ ಆಗಲ್ಲ."

ಸಂಘಮಿತ್ರ ತನ್ನ ಕೈ ನೋಡಿಕೊಂಡಳು. ಹದಿನಾರು, ಒಂಬತ್ತು ನಾನೂರು. ಒತ್ತಿದ್ದು ಇವೇ ಬೆರಳು.

ಡಾಕ್ಟರು ಔಷಧಿ, ಪುಡಿಯ ಪೊಟ್ಟಣ ಕೊಟ್ಟು, "ಒಂದು ವಾರದೊಳಗೆ ಬನ್ನಿ. ಇನ್ನೊಂದು ಭೇದಿ ತಡೆಯೋ ಮಗು ಅಲ್ಲ ಇದು," ಎಂದಳು.

ಮನೆಗೆ ಬಂದಾಗ ಚಾಮುಂಡಮ್ಮ ಮುದ್ದೆ ತಿರುವುತ್ತಿದ್ದಳು. ಸಂಘಮಿತ್ರ ಮಗುವನ್ನು ಮಾವನ ಕೈಗಿತ್ತು, ಮೊಳೆಗೆ ತೂಗುಹಾಕಿದ್ದ ಚೀಲದಿಂದ ತೂಕದ ಪುಸ್ತಕ ಎಳೆದಳು.

"ಹದಿನಾರು ಯಾರು ಅತ್ತೆ?"

ಮುದ್ದೆಕೋಲು ನಿಂತಿತು.

"ಯಾರು ಅಂತ ಕೇಳ್ದೆ."

"ಗೌತಮಿ."

ಪುಸ್ತಕದಲ್ಲಿ ಪೆನ್ಸಿಲಿನ ಸಾಲು ನೆಟ್ಟಗಿತ್ತು. ಎಂಟು, ಎಂಟು ಇನ್ನೂರು, ಎಂಟು ನಾನೂರು. ತಿಂಗಳಿಗೆ ಇನ್ನೂರು ಗ್ರಾಂ, ಒಂದು ತಿಂಗಳೂ ತಪ್ಪದೆ. ಎಂಟು ತಿಂಗಳು ಮಗು ಬೆಳೆದಿರಲಿಲ್ಲ, ಪೆನ್ಸಿಲು ಬೆಳೆಸಿತ್ತು.

"ಎತ್ತಿ ಆಡ್ಸೋ ಕೈಗೆ ಗೊತ್ತಾಗ್ಲಿಲ್ವಾ ನಿಮ್ಗೆ? ನನ್ನ ಮಗೂ ಸುಳ್ಳು ತೂಕನ ನನ್ನ ಕೈಲೇ ಒತ್ತಿಸಿದ್ರಲ್ಲ, ಮಗು ನಿಮ್ಮ ತೊಡೆ ಮೇಲೇ ಇತ್ತಲ್ಲ!"

"ನಾನೇನು ಇವಳೊಬ್ಳಿಗೆ ಬರೆದ್ನಾ?" ಚಾಮುಂಡಮ್ಮ ತಿರುಗಿ ನಿಂತಳು. "ನಿಂಗೆ ಗೊತ್ತಿಲ್ಲ ಬುಡು. ಕೆಲಸಕ್ಕೆ ಸೇರಿದ ವರ್ಷ ಮೇಲಿನ ಬೀದಿ ವೀರಭದ್ರಸ್ವಾಮಿ ಮಗೀಗೆ ಇದ್ದಿದ್ ಇದ್ದಂಗೆ ಕಮ್ಮಿ ಬರೆದೆ. ಅವರವ್ವ ಬೀದೀಲಿ ನಿಂತ್ಕೊಂಡು, ನಿನ್ ಕೈ ಮುಟ್ಟೇ ನನ್ ಮೊಮ್ಮಗ ಸೊರಗ್ದ ಅಂದ್ಲು. ಮೂರು ತಿಂಗಳು ಆ ಬೀದಿಯಿಂದ ಒಂದು ಮಗ ಬರ್ಲಿಲ್ಲ. ಮಕ್ಕಳಿಲ್ಲ ಅಂತ ಕೇಂದ್ರ ಮುಚ್ತೀವಿ ಅಂದ್ರು. ಆವಾಗಿಂದ ಎಲ್ರಿಗೂ ಒಂದು ಹಿಡಿ ಜಾಸ್ತಿ ಬರೀತೀನಿ. ಮೇಲಿನ ಬೀದೀದು ಕಮ್ಮಿ ಆದ್ರೆ ನನ್ನ ಕೈಗುಣ. ನಮ್ಮ ಕೇರೀದು ಕಮ್ಮಿ ಆದ್ರೆ, ಸರ್ಕಾರದ್ದು ಎಷ್ಟು ತಿಂದ್ರೂ ಇವರ ಹಣೆಬರ ಇಷ್ಟೇ ಅಂತಾರೆ. ಟೀಚರು ಮೊಮ್ಮಗಳೇ ಕೆಂಪು ಅಂದ್ರೆ ಏನೇನು ಅಂತಿದ್ರು?"

"ಏನಾದ್ರೂ ಅನ್ಲಿ! ದಿನಾ ಮೊಟ್ಟೆ ಸಿಗ್ತಿತ್ತು."

"ಟೀಚರು ಮೊಮ್ಮಗಳಿಗೆ ಮೊಟ್ಟೆ ತಿನ್ನಿಸ್ತಾಳೆ ಅಂತಿದ್ರು ಕಣವ್ವ. ಒಂದು ಚೂರು ಕೊಟ್ಟಿಲ್ಲ ನಾನು, ಆಣೆ. ವಾರಕ್ಕೆರಡು ದಿನ ದೊಡ್ಡ ಮಕ್ಕಳು ಮೊಟ್ಟೆ ತಿನ್ನೋವಾಗ ಇವಳನ್ನ ಗೋಡೆ ಕಡೆ ತಿರುಗ್ಸಿ ಕೂರ್‌ಸ್ತಿದ್ದೆ. ಬೇಕಾರೆ ಅಡುಗೆ ಮಲ್ಲಾಜಮ್ಮನ್ನ ಕೇಳು."

ಇದನ್ನು ಅವಳು ತನ್ನ ನಿಯತ್ತಿಗೆ ಸಾಕ್ಷಿಯಾಗಿ ಹೇಳಿದಳು. ಒಲೆಯ ಮೇಲೆ ಮುದ್ದೆ ತಳ ಹಿಡಿದ ವಾಸನೆ ಬಂತು.

ಅಂಕಯ್ಯ ಮಗುವಿನ ಊದಿದ ಪಾದ ಸವರುತ್ತ, "ಊರ ಬಾಯಿಗೆ ಹೆದ್ರಿ ಮನೆ ಮಗೀನ್ ಬಾಯಿ ಕಟ್ಟಿದ್ಯಲ್ಲ ಚಾಮುಂಡಿ," ಎಂದ. ಆ ರಾತ್ರಿ ಯಾರೂ ಉಣ್ಣಲಿಲ್ಲ.

ತಿದ್ದುವುದು ಸುಲಭವೆಂದು ಚೇತನ್ ತಿಳಿದಿದ್ದ. ಬೆಳಗ್ಗೆ ಶೀಟು ತೆಗೆದು, ಹದಿನಾರನೇ ಸಾಲಿನಲ್ಲಿ ಏಳು ಏಳ್ನೂರೈವತ್ತು ಒತ್ತಿದ. ಪರದೆಯ ನಡುವೆ ಕೆಂಪು ಚೌಕ ಬಂತು: *ತೂಕ ತಪ್ಪಾಗಿದೆ. ಪರಿಶೀಲಿಸಿ ನಮೂದಿಸಿ.* ಮತ್ತೆ ಒತ್ತಿದ. ಮತ್ತೆ ಅದೇ.

"ಯಾಕಂತೆ?" ಸಂಘಮಿತ್ರ ಕೇಳಿದಳು.

"ಒಂದು ತಿಂಗಳಲ್ಲಿ ಮುನ್ನೂರು ಗ್ರಾಂಗಿಂತ ಜಾಸ್ತಿ ಇಳಿಯಂಗಿಲ್ಲ. ಅಂಗೆ ಕಟ್ಟಿ ಹಾಕವ್ರೆ. ಹಳೇ ತಿಂಗಳಿಗೆಲ್ಲ ಬೀಗ. ಮೇಡಂ ಲಾಗಿನ್‌ನಲ್ಲಿ ಮಾತ್ರ ತೆಗೆಯಕ್ಕಾಗೋದು."

ಎಂಟು ತಿಂಗಳು ಸುಳ್ಳನ್ನು ತಕರಾರಿಲ್ಲದೆ ನುಂಗಿದ ಶೀಟು, ನಿಜವನ್ನು ಮೊದಲ ತುತ್ತಿಗೇ ಉಗುಳಿತ್ತು.

ಚಾಮುಂಡಮ್ಮ ಮೇಡಂಗೆ ಫೋನ್ ಮಾಡಿದಳು. ಸಂಘಮಿತ್ರ ಫೋನು ಕಿತ್ತುಕೊಂಡು ಸ್ಪೀಕರಿಗೆ ಹಾಕಿದಳು.

"ಒಂದೇ ಸಲಕ್ಕೆ ಅಷ್ಟು ಇಳಿಸಿದ್ರೆ ತನಿಖೆ ಬರುತ್ತೆ ಚಾಮುಂಡಮ್ಮ," ಎಂದರು ಮೇಡಂ. "ತಿಂಗಳಿಗೆ ಮುನ್ನೂರು ಮುನ್ನೂರು ಇಳಿಸ್ಕೊಂಡು ಬನ್ನಿ. ನಾಲ್ಕೈದು ತಿಂಗಳಲ್ಲಿ ತಾನಾಗೇ ಕೆಂಪಾಗುತ್ತೆ."

"ಅಲ್ಲೀಗಂಟ ಮಗೀಗೆ ಉಸಿರು ಹಿಡ್ಕಂಡಿರು ಅಂತ ಹೇಳಾಣ್ವಾ ಮೇಡಂ?" ಎಂದಳು ಸಂಘಮಿತ್ರ.

"ಯಾರಿದು ಮಾತಾಡ್ತಿರೋದು?"

"ಹದಿನಾರರ ಅಮ್ಮ."

ಫೋನು ಕಟ್ಟಾಯಿತು.

ಮುಂದಿನ ನಾಲ್ಕು ದಿನ ಮನೆಯಲ್ಲಿ ಎರಡು ಒಲೆ ಉರಿದವು. ಸಂಘಮಿತ್ರ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಮಗುವಿಗೆ ಗಂಜಿ ಕಾಯಿಸಿದಳು. ಅತ್ತೆ ಮುಟ್ಟಿದ ಪಾತ್ರೆಯನ್ನು ತಿಕ್ಕಿ ತೊಳೆದೇ ಬಳಸಿದಳು. ಅಂಕಯ್ಯ ಒಂದು ಆಡು ಮಾರಿ ಮಗುವನ್ನು ಹುಣಸೂರಿನ ಒಬ್ಬ ಖಾಸಗಿ ಡಾಕ್ಟರಿಗೆ ತೋರಿಸಿಕೊಂಡು ಬಂದ. ಅವರೂ ಅದನ್ನೇ ಹೇಳಿದರು. ಇದಕ್ಕೆ ವಾರ್ಡೇ ಬೇಕು, ದಿನಕ್ಕೆ ಎಂಟು ಸಲ ಅಳತೆ ಮಾಡಿ ಉಣಿಸಬೇಕು.

"ಅವ್ವನ ಸಂಬಳ ನಿಂತ್ರೆ ಈ ಮನೇಲಿ ಅಕ್ಕಿ ಬೇಯಲ್ಲ ಕಣೇ," ಎಂದ ಚೇತನ್ ಮೆಲ್ಲಗೆ. "ಜಗಳ ಬೆಳಸ್‌ಬೇಡ. ಏನೋ ದಾರಿ ಮಾಡಾಣ."

"ನಿಮ್ಮವ್ವನ ಕೆಲಸ ಒಂದು ಕಡೆ, ಮಗು ಒಂದು ಕಡೆ ಇಟ್ಟು ತೂಗ್ತಿದ್ದೀರಾ? ಅದಕ್ಕೂ ಒಂದು ಶೀಟು ಮಾಡಿ. ಬಣ್ಣ ಬರ್ಲಿ."

ಭಾನುವಾರ ಬೆಳಗ್ಗೆ ಮೇಡಂ ಸ್ಕೂಟರಿನಲ್ಲಿ ತಾವೇ ಬಂದರು. ಜಗಲಿಯ ಮೇಲೆ ಕೂತರು. ನೀರು ಕೊಟ್ಟರೆ, "ಈಗಷ್ಟೇ ಕುಡಿದು ಬಂದೆ" ಎಂದರು. ಚೀಲದಿಂದ ಟೈಪು ಮಾಡಿದ ಒಂದು ಕಾಗದ ತೆಗೆದರು.

"ದಾರಿ ಸಿಕ್ಕಿದೆ. ಯಾರು ಒತ್ತಿದ್ದು ಅಂತ ಶೀಟಿನ ಹಿಸ್ಟರಿ ತೆಗೆದು ನೋಡಿದೆ. ಎಂಟೂ ತಿಂಗಳು ಎಂಟ್ರಿ ಆಗಿರೋದು ಸಂಘಮಿತ್ರ ಅನ್ನೋ ಮೇಲ್ ಐಡಿಯಿಂದ. ಅಂದ್ರೆ ಚಾಮುಂಡಮ್ಮಂದು ತಪ್ಪೇ ಇಲ್ಲ. ಟೈಪಿಂಗ್ ಮಿಸ್ಟೇಕ್. ಇದಕ್ಕೆ ನಿಮ್ಮ ಸೊಸೆ ಒಂದು ಸಹಿ ಹಾಕ್ಲಿ, ನಾನು ಇಲ್ಲೇ ಕೂತು ಬೀಗ ತೆಗೀತೀನಿ. ಐದು ನಿಮಿಷದಲ್ಲಿ ಹದಿನಾರನೇ ಸಾಲು ಕೆಂಪು, ನಾಳೆ ಬೆಳಗ್ಗೆ ಹಾಸಿಗೆ."

ಚೇತನ್ ಕಾಗದ ಓದಿದ. *ನಾನು ನನ್ನ ಅತ್ತೆಯವರ ಗಮನಕ್ಕೆ ತಾರದೆ, ಅಜಾಗರೂಕತೆಯಿಂದ ನನ್ನ ಮಗುವಿನ ತೂಕವನ್ನು ತಪ್ಪಾಗಿ ನಮೂದಿಸಿರುತ್ತೇನೆ.*

"ಹಾಕ್ಬಿಡು ಮಿತ್ರಾ," ಎಂದ. "ನಾಲ್ಕು ಅಕ್ಷರ. ಮಗು ಮುಖ ನೋಡು."

"ನನ್ನ ಮಗೂನ ನಾನೇ ಸೊರಗಿಸ್ದೆ ಅಂತ ಬರ್‌ಕೊಡ್ಬೇಕಾ ನಾನು?"

"ಅಂಗಲ್ಲ..."

"ಅಂಗೇ ಬರ್ದೈತೆ!" ಅವಳು ಮೇಡಂ ಕಡೆ ತಿರುಗಿದಳು. "ಆ ತೂಕ ನೋಡಿ ಶಭಾಷ್ ಅಂದೋರು ಯಾರು? ಎಲ್ಲಾ ಹಸಿರು, ನೋಡಿ ಕಲೀರಿ ಅಂದೋರು ಯಾರು? ಅದಕ್ಕೆಲ್ಲೈತೆ ಸಹಿ?"

"ನೋಡಮ್ಮ, ವಾದ ಮಾಡೋಕೆ ನಾನು ಭಾನುವಾರ ಬಂದಿಲ್ಲ. ಬೇಕಾದ್ರೆ ಹಾಕು, ಬೇಡದಿದ್ರೆ ಬಿಡು. ಹಾಸಿಗೆ ನಿನ್ನ ಮಗೂಗೇ ಬೇಕಾಗಿರೋದು."

ಒಳಗೆ ಗೌತಮಿ ನರಳಿದಳು. ಅಳು ಎನ್ನುವಂತೆಯೂ ಇರಲಿಲ್ಲ, ಬಾಗಿಲು ಕಿರುಗುಟ್ಟಿದಂತಿತ್ತು. ಸಂಘಮಿತ್ರಳ ಮುಖದ ಬಿಗಿ ಸಡಿಲಿತು. ಅವಳು ಮೇಡಂ ಕೈಯಿಂದ ಪೆನ್ನು ಕಿತ್ತುಕೊಂಡು, ಕಾಗದವನ್ನು ಕಂಬಕ್ಕೆ ಒತ್ತಿ ಹಿಡಿದಳು.

"ಇಡು ಪೆನ್ನ."

ಪಾತ್ರೆ ತೊಳೆಯುತ್ತಿದ್ದ ಚಾಮುಂಡಮ್ಮ ಒದ್ದೆ ಕೈಯಲ್ಲೇ ಬಂದು ನಿಂತಿದ್ದಳು. ಪೆನ್ನನ್ನೂ ಕಾಗದವನ್ನೂ ಕಿತ್ತುಕೊಂಡು, ಹಾಳೆ ಮಗುಚಿ, ಹಿಂದಿನ ಬಿಳಿ ಬೆನ್ನ ಮೇಲೆ ತನ್ನ ದುಂಡು ಅಕ್ಷರದಲ್ಲಿ ಬರೆಯತೊಡಗಿದಳು. ನೀರು ತಾಗಿ ಮೊದಲ ಸಾಲು ಕದಡಿತು. ಅದರ ಕೆಳಗೆ ಮತ್ತೆ ಬರೆದಳು.

"ಏನ್ ಬರೀತಿದ್ದೀರಿ ಚಾಮುಂಡಮ್ಮ?"

"ಕೈ ಅವಳ್ದು ಮೇಡಂ, ಬಾಯಿ ನಂದು. ನಾನು ಹೇಳ್ದೆ, ಅವಳು ಒತ್ತಿದ್ಲು. ಹದಿನಾರು ಒಂದೇ ಅಲ್ಲ. ಎರಡು, ಐದು, ಒಂಬತ್ತು, ಹನ್ನೆರಡು, ಹದಿನಾರು, ಇಪ್ಪತ್ತು, ಇಪ್ಪತ್ತಮೂರು. ಏಳು ಮಕ್ಕಳು. ಏಳಕ್ಕೂ ಬೀಗ ತೆಗೀರಿ."

"ಏಳಾ?" ಮೇಡಂ ಎದ್ದೇ ನಿಂತರು. "ತಲೆ ಸರಿ ಇದೆಯೇನ್ರಿ? ಒಂದು ಕೆಂಪಾದ್ರೆ ತಪ್ಪು ಅನ್ನಬಹುದು. ಏಳು ಕೆಂಪಾದ್ರೆ ನಾನು ಎಲ್ಲಿಗೆ ಹೋಗ್ಲಿ? ಇನ್ನು ನಾಲ್ಕು ವರ್ಷ ಸರ್ವಿಸ್ ಇದೆ ನಿಮ್ಗೆ. ಮನೆ ಹಾಳು ಮಾಡ್ಕೋಬೇಡಿ."

"ಮನೆ ಹಾಳಾಗಿ ಒಳಗೆ ಮಲಗೈತೆ ಮೇಡಂ. ನೋಡ್ಕೊಂಡು ಹೋಗ್ತೀರಾ?"

ಮೇಡಂ ನೋಡಲಿಲ್ಲ. ಸ್ಕೂಟರಿನ ಬಳಿ ನಿಂತು ಮೊಬೈಲಿನಲ್ಲಿ ಏನೋ ಒತ್ತಿ ಹೊರಟರು. ಸ್ಕೂಟರು ತಿರುವು ದಾಟುವ ಹೊತ್ತಿಗೆ ಚೇತನ್ ಲ್ಯಾಪ್‌ಟಾಪ್ ತೆಗೆದ. ಮೂರೂ ಶೀಟು ಮುಚ್ಚಿದ್ದವು. *ನಿಮಗೆ ಅನುಮತಿ ಇಲ್ಲ.*

"ಎಲ್ಲಾ ಮೇಲೈತೆ ಅಂದ್ಯಲ್ಲ ಮಗನೆ," ಎಂದ ಅಂಕಯ್ಯ. "ಮೇಲಿನೋರು ಬಾಗ್ಲು ಹಾಕ್ಕೊಂಡ್ರು."

"ಅಂಗಾರೆ ಮಕ್ಕಳನ್ನೇ ಹೊತ್ಕಂಡು ಹೋಗಾಣ," ಎಂದಳು ಚಾಮುಂಡಮ್ಮ. "ಮಕ್ಕಳಿಗೆ ಬೀಗ ಹಾಕಕ್ಕಾಗಲ್ವಲ್ಲ." ಸಂಘಮಿತ್ರ ಅವಳ ಮುಖ ನೋಡಲಿಲ್ಲ. ಆದರೆ ಮಗುವಿನ ಬಟ್ಟೆ ಮಡಚತೊಡಗಿದಳು.

ಆ ಮಧ್ಯಾಹ್ನ ಚಾಮುಂಡಮ್ಮ ತೂಕದ ಪುಸ್ತಕ ಹಿಡಿದು ಉಳಿದ ಆರು ಮನೆಗೂ ಹೋದಳು. ಕೇರಿಯಲ್ಲಿ ಮೂರು, ಮೇಲಿನ ಬೀದಿಯಲ್ಲಿ ಮೂರು. ಪಕ್ಕದ ಮನೆಯ ಪುಷ್ಪಾ, ಒಂಬತ್ತನೇ ನಂಬರಿನ ತಾಯಿ, ಪೊರಕೆ ಹಿಡಿದೇ ಕೇಳಿಸಿಕೊಂಡಳು.

"ನಮ್ಮ ಕೇರಿ ಟೀಚರು ಅಂತ ನಂಬ್ಕೊಂಡಿದ್ನಲ್ಲ! ನಿನ್ ಬಾಯಿಗೆ ಮಣ್ಣಾಕ! ನನ್ ಮಗ ನಡೆಯಲ್ಲ ಅಂದ್ರೆ, ನಿಧಾನಕ್ಕೆ ನಡೀತದೆ ಬುಡು ಅಂದ್ಯಲ್ಲೇ!"

"ಅಂದೆ ಕಣವ್ವ. ಬಯ್ಯಿ. ಬಯ್ದು ನಾಳೆ ಏಳ್ ಗಂಟೆಗೆ ಆಟೋ ಹತ್ತಿರ ಬಾ."

ಮೇಲಿನ ಬೀದಿಯಲ್ಲಿ ಎರಡು ಬಾಗಿಲು ಮುಚ್ಚಿಕೊಂಡವು. ಮೂರನೆಯದು ವೀರಭದ್ರಸ್ವಾಮಿಯದು. ಅವನು ಅಂಗಳದಲ್ಲಿ ನಿಂತೇ ಮಾತಾಡಿದ.

"ನಮ್ಮನೆ ಮಗು ಅಪೌಷ್ಟಿಕವಾ? ಕೊಟ್ಟಿಗೇಲಿ ಎರಡು ಹಸ ಕರೀತಾವೆ ಕಣಮ್ಮ ನಮ್ಮನೇಲಿ."

"ಹಾಲೆಲ್ಲ ಡೇರಿಗೆ ಹೋಯ್ತದಲ್ಲ ಸ್ವಾಮಿ. ಮಗೀಗೆ ಎಷ್ಟು ಉಳೀತದೆ?"

"ನಿನ್ ಕೈ ಮುಟ್ಟಿ..." ಎಂದು ಅವನು ಶುರುಮಾಡಿದ.

"ಗೊತ್ತು ಬುಡಿ. ಇಪ್ಪತ್ತೆರಡು ವರ್ಷ ಆ ಮಾತಿಗೆ ಹೆದ್ರಿ ಸುಳ್ಳು ಬರೆದೆ. ನಿಮ್ಮ ಮೊಮ್ಮಗಳು ಎಂಟು ಕೇಜಿ. ನಾನು ಬರ್ದಿರೋದು ಹತ್ತು. ಹೇಳೋದು ಹೇಳಿವ್ನಿ."

ಸೊಸೆ ಅನುಶ್ರೀ ಬಾಗಿಲ ಸಂದಿನಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು.

ಸೋಮವಾರ ಏಳು ಗಂಟೆಗೆ ಗೂಡ್ಸ್ ಆಟೋದಲ್ಲಿ ಗೋಣಿ ಹಾಸಿ ಸಂಘಮಿತ್ರ ಸೇರಿ ಕೇರಿಯ ನಾಲ್ವರು ತಾಯಂದಿರು, ಜೊತೆಗೆ ಚಾಮುಂಡಮ್ಮ ಕೂತರು. ಹೊರಡುವಾಗ ಅನುಶ್ರೀ ಮಗುವನ್ನು ಎತ್ತಿಕೊಂಡು ಒಬ್ಬಳೇ ಬಂದಳು, ಚಪ್ಪಲಿ ಕೂಡ ಹಾಕಿರಲಿಲ್ಲ. ಪುಷ್ಪಾ ಸರಿದು ಜಾಗ ಬಿಟ್ಟಳು. "ಕೂತ್ಕಳಿ. ಇಲ್ಲಿ ಎಲ್ಲಾ ನಂಬರ್‌ಗಳೇ," ಎಂದಳು.

ಆಸ್ಪತ್ರೆಯಲ್ಲಿ ಗುಮಾಸ್ತ ಪರದೆ ನೋಡಿ ಐದು ಸಲ ಹಸಿರು ಎಂದ. ಚಾಮುಂಡಮ್ಮ ತನ್ನ ಕೈಬರಹದ ಕಾಗದವನ್ನು ಅವನ ಮೇಜಿನ ಮೇಲೆ ಬಡಿದಳು.

"ಹಸಿರು ಮಾಡಿದ್ದು ನಾನು. ಬರ್ದು ಸಹಿ ಹಾಕಿವ್ನಿ. ಇನ್ನೂ ನಂಬಲ್ಲ ಅಂದ್ರೆ ಐದು ಮಕ್ಕಳನ್ನೂ ನಿನ್ ಮೇಜಿನ ಮೇಲೇ ಮಲಗಿಸ್ತೀನಿ. ನೀನೇ ಬಣ್ಣ ಹೇಳಪ್ಪ."

ಗಲಾಟೆಗೆ ಡಾಕ್ಟರು ಮಹಡಿ ಹತ್ತಿ ಬಂದಳು. ಮಕ್ಕಳನ್ನು ಒಬ್ಬೊಬ್ಬರಾಗಿ ತೂಗಿದಳು, ತೋಳಿಗೆ ಪಟ್ಟಿ ಸುತ್ತಿ ಅಳೆದಳು, ಐದು ಚೀಟಿ ಬರೆದಳು. ಚಾಮುಂಡಮ್ಮನ ಕಾಗದವನ್ನು ಪೂರ್ತಿ ಓದಿ, ಅದರ ಮೇಲೆ ತಾನೂ ಸಹಿ ಹಾಕಿ ಗುಮಾಸ್ತನಿಗೆ ಕೊಟ್ಟಳು. "ಐದೂ ಕೆಂಪು. ನನ್ನ ಹೆಸರಲ್ಲಿ ಹಾಕಿ. ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಕಳ್ಸಿ."

ಆದರೆ ಖಾಲಿ ಇದ್ದದ್ದು ನಾಲ್ಕೇ ಹಾಸಿಗೆ. ತೀರಾ ಇಳಿದವರಿಗೆ ಮೊದಲು. ಗೌತಮಿಗೆ ಎರಡನೆಯದು ಸಿಕ್ಕಿತು. ಕೊನೆಗೆ ಉಳಿದವಳು ಅನುಶ್ರೀಯ ಮಗಳು.

"ಹದಿನಾಲ್ಕು ದಿನ ಬಿಟ್ಟು ಬನ್ನಿ," ಎಂದಳು ನರ್ಸು.

ಅನುಶ್ರೀ ಬಾಗಿಲ ಬಳಿ ನಿಂತೇ ಇದ್ದಳು. ಸಂಘಮಿತ್ರ ಅವಳನ್ನು ನೋಡಿದಳು, ಮಗುವನ್ನು ನೋಡಿದಳು. ದಿಂಬು ತೆಗೆದು ಕೆಳಗೆ ಹಾಕಿ, ಗೌತಮಿಯನ್ನು ಹಾಸಿಗೆಗೆ ಅಡ್ಡಲಾಗಿ ಮಲಗಿಸಿದಳು.

"ಇಲ್ಲಿ ಮಲಗಿಸಿ ಅಕ್ಕ."

"ಹಾಗೆಲ್ಲ ಆಗಲ್ಲ," ಎಂದಳು ನರ್ಸು. "ಒಂದು ಬೆಡ್ಡಿಗೆ ಸಿಸ್ಟಮ್ ಒಂದೇ ಹೆಸರು ತಗೊಳ್ಳುತ್ತೆ."

"ಸಿಸ್ಟಮ್ ಮಲಗಲ್ಲ ಸಿಸ್ಟರ್. ಮಕ್ಕಳು ಮಲಗೋದು."

ನರ್ಸು ಡಾಕ್ಟರ ಮುಖ ನೋಡಿದಳು. ಡಾಕ್ಟರು ಎರಡು ಲೋಟ ಹಾಲಿನ ಅಳತೆ ಬರೆದುಕೊಟ್ಟು ಹೊರಟುಹೋದಳು.

ಹತ್ತೂವರೆಗೆ ವೀರಭದ್ರಸ್ವಾಮಿ ಬೈಕಿನಲ್ಲಿ ಬಂದ. ತನ್ನ ಮೊಮ್ಮಗಳ ಕಾಲು ಗೌತಮಿಯ ಹೊಟ್ಟೆಯ ಮೇಲಿರುವುದನ್ನು ಕಂಡ. "ಏಳಮ್ಮ. ಯಾರ ಜೊತೆ ಮಲಗಿಸಿದ್ದೀಯ ಗೊತ್ತಾ? ಮನೆಗೆ ನಡಿ."

ಅನುಶ್ರೀ ಮದುವೆಯಾಗಿ ಬಂದ ಮೇಲೆ ಮಾವನಿಗೆ ಎದುರಾಡಿದವಳಲ್ಲ. ಈಗಲೂ ದನಿ ಏರಿಸಲಿಲ್ಲ. "ನಾಳೆ ಬರೋವಾಗ ಡೇರಿಗೆ ಹಾಕ್ದೆ ಅರ್ಧ ಲೀಟರ್ ಹಾಲು ತನ್ನಿ ಮಾವ," ಎಂದಳು. "ಇಬ್ರಿಗೂ ಆಗೋ ಅಷ್ಟು."

ಅವನು ನಿಂತ, ಏನೋ ಗೊಣಗಿದ, ಹೋದ. ಮಾರನೇ ದಿನ ಹಾಲು ಬರಲಿಲ್ಲ.

ಬಂದದ್ದು ಚಾಮುಂಡಮ್ಮನಿಗೆ ನೋಟೀಸು. ಸುಳ್ಳು ದಾಖಲೆ ಬರೆದದ್ದಕ್ಕೆ ಮೂರು ದಿನದಲ್ಲಿ ವಿವರಣೆ ಕೊಡಬೇಕು. ಅಲ್ಲಿಯವರೆಗೆ ಗೌರವಧನ ಇಲ್ಲ. ಶಭಾಷ್ ಅಂದವರಿಗೆ ನೋಟೀಸು ಬಂದ ಸುದ್ದಿ ಇಲ್ಲ. ಅವಳು ಅದನ್ನು ರವಿಕೆಯಲ್ಲಿ ಮಡಚಿಟ್ಟುಕೊಂಡು, ಬುತ್ತಿ ಹಿಡಿದು, ಬಸ್ಸು ಹತ್ತಿ ವಾರ್ಡಿಗೆ ಬಂದಳು. ಒಳಗೆ ಬರಲಿಲ್ಲ. ಬಾಗಿಲ ಹೊರಗೆ ಗೋಡೆಗೊರಗಿ ನಿಂತಳು.

ಸಂಘಮಿತ್ರ ಎದ್ದು ಬಂದು ಬುತ್ತಿ ತೆಗೆದುಕೊಂಡಳು. ಮುಚ್ಚಳ ತೆಗೆದು ನೋಡಿದಳು.

"ಎರಡೇ ಮುದ್ದೆ ತಂದಿದ್ದೀರಿ. ಅನುಶ್ರೀ ಅಕ್ಕಂಗೆ ಮನೆಯಿಂದ ಊಟ ಬರಲ್ಲ. ನಾಳೆಯಿಂದ ನಾಲ್ಕು ತನ್ನಿ."

"ತತ್ತೀನಿ ಕಣವ್ವ." ಚಾಮುಂಡಮ್ಮ ಬಾಗಿಲೊಳಗೆ ಇಣುಕಿದಳು. "ಮಗೀನ್ ಒಂದ್ ಗಳಿಗೆ ಎತ್ಕಳ್ಳಾ?"

"ಬೇಡ," ಎಂದಳು ಸಂಘಮಿತ್ರ. "ಇನ್ನೂ ನನ್ ಸಿಟ್ಟು ಇಳಿದಿಲ್ಲ." ಬಾಗಿಲನ್ನು ಮಾತ್ರ ಹಾಕದೆ ಒಳಗೆ ಹೋದಳು.